ಮೂರನೆಯ ಗ್ರ್ಯಾಮಿ ಬಂದದ್ದು ಯಾವುದಕ್ಕೆ?

2023ರ ಫೆಬ್ರುವರಿ 5ರಂದು ಲಾಸ್ ಏಂಜಲೀಸ್‌ನಲ್ಲಿ ಬೆಂಗಳೂರಿನ ರಿಕಿ ಕೇಜ್ ಮೂರನೆಯ ಸಲ ಗ್ರ್ಯಾಮಿ ಪಡೆದರು. ನಮ್ಮವರೊಬ್ಬರಿಗೆ ಮೂರು ಗ್ರ್ಯಾಮಿ ಎಂದು ಎಲ್ಲರೂ ಸಂಭ್ರಮಿಸಿದೆವು. ಪ್ರಶಸ್ತಿ ಬಂದ ಆಲ್ಬಮ್ ಯಾವುದೆಂದು ನೋಡಿದರೆ, ಅದು ಹಿಂದಿನ ವರ್ಷವೇ ಗೆದ್ದಿದ್ದ ‘ಡಿವೈನ್ ಟೈಡ್ಸ್’. ಒಂದೇ ಆಲ್ಬಮ್ಮಿಗೆ ಎರಡನೆಯ ಸಲ ಏಕೆ ಕೊಟ್ಟರು ಎಂದು ಆಗ ಹೆಚ್ಚಿನವರು ಕೇಳಲಿಲ್ಲ. ಕೇಳಿದ್ದರೆ ಈ ಸಂಗೀತಗಾರನ ಇಡೀ ವೃತ್ತಿಜೀವನ ಬೇರೆಯೇ ಬೆಳಕಿನಲ್ಲಿ ಕಾಣುತ್ತಿತ್ತು.

2022ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಆ ಆಲ್ಬಮ್ಮಿಗೆ ಬಂದದ್ದು ನ್ಯೂ ಏಜ್ ಸಂಗೀತದ ಪ್ರಶಸ್ತಿ. 2023ರದು ಅದರ ಇಮ್ಮರ್ಸಿವ್ ಆಡಿಯೊ ರೂಪಕ್ಕೆ ಸಂದದ್ದು. ಅಂದರೆ ಶಬ್ದ ಎರಡೇ ಸ್ಪೀಕರುಗಳಿಂದ ಬರದೆ ಕೇಳುಗನ ಸುತ್ತಲೂ, ತಲೆಯ ಮೇಲಿನಿಂದಲೂ ಬರುವಂತೆ ಕಟ್ಟಿದ ಧ್ವನಿಮುದ್ರಣಕ್ಕೆ. ಆ ಪ್ರಶಸ್ತಿಯ ಪಟ್ಟಿಯಲ್ಲಿ ಮಿಕ್ಸ್ ಎಂಜಿನಿಯರ್ ಎರಿಕ್ ಶಿಲ್ಲಿಂಗ್ ಹೆಸರಿದೆ. ನಿರ್ಮಾಪಕರೆಂದು ಸ್ಟುವರ್ಟ್ ಕೋಪ್‌ಲ್ಯಾಂಡ್, ರಿಕಿ ಕೇಜ್, ಹರ್ಬರ್ಟ್ ವಾಲ್ಟ್‌ಲ್ ಹೆಸರುಗಳಿವೆ. ಹಾಡಿದ್ದಕ್ಕಾಗಲೀ ನುಡಿಸಿದ್ದಕ್ಕಾಗಲೀ ಕೊಟ್ಟ ಪ್ರಶಸ್ತಿ ಅದಲ್ಲ. ಹಾಡು ಎಲ್ಲಿಂದ ಕೇಳಬೇಕು, ಎಷ್ಟು ದೂರದಿಂದ ಕೇಳಬೇಕು, ಯಾವ ಸ್ವರ ಮುಂದೆ ನಿಲ್ಲಬೇಕು, ಯಾವುದು ಹಿಂದೆ ಸರಿಯಬೇಕು ಎಂದು ತೀರ್ಮಾನಿಸಿದ್ದಕ್ಕೆ ಕೊಟ್ಟದ್ದು. ಕೀಬೋರ್ಡ್ ನುಡಿಸುತ್ತ ಹೊರಟ ಹುಡುಗ ಇಪ್ಪತ್ತು ವರ್ಷಗಳಲ್ಲಿ ತಲುಪಿದ ಜಾಗ ಇದು.

ಈ ಕೆಲಸಕ್ಕೆ ನಮ್ಮಲ್ಲಿ ಒಂದು ನೆಲೆಯೇ ಸಿಕ್ಕಿಲ್ಲ. ನಿರ್ಮಾಪಕ ಎಂದರೆ ದುಡ್ಡು ಹಾಕುವವನು ಎಂದು ಸಿನಿಮಾ ನಮಗೆ ಕಲಿಸಿಬಿಟ್ಟಿದೆ. ಧ್ವನಿಮುದ್ರಣದ ನಿರ್ಮಾಪಕ ಹಣ ಹಾಕಿದರೂ ಹಾಕಬಹುದು, ಅದು ಮುಖ್ಯವಲ್ಲ. ಯಾವ ಹಾಡು, ಯಾರ ಕಂಠ, ಯಾವ ಶ್ರುತಿ, ಯಾವ ವಾದ್ಯಗಳು ಎಂದು ಆರಿಸುವುದರಿಂದ ಹಿಡಿದು, ಹನ್ನೊಂದನೆಯ ಸಲ ಹಾಡಿಸಿದ್ದಕ್ಕಿಂತ ಎರಡನೆಯ ಸಲದ್ದೇ ಚೆನ್ನಾಗಿತ್ತು ಎಂದು ಗುರುತಿಸುವವರೆಗೆ ಎಲ್ಲವೂ ಅವನದೇ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಇದನ್ನು ಅಚ್ಚುಕಟ್ಟಾಗಿ ಹೇಳಿದೆ: ಧ್ವನಿಮುದ್ರಣ ಮಾಡಲು ಯಾರು ಮುಂದಾಗಿ ಅದರ ಹೊಣೆ ಹೊರುತ್ತಾರೋ ಅವರು ಅದರ ನಿರ್ಮಾಪಕರು. ಮುಂದಾಗುವುದು, ಹೊಣೆ ಹೊರುವುದು ಎಂಬ ಈ ಎರಡನ್ನು ಮುಂದೆ ಓದುವಾಗಲೂ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಸಂಗೀತಗಾರರೇ ಈ ಕೆಲಸಕ್ಕೆ ಇಳಿಯುವುದು ಹೊಸತಲ್ಲ. ಈ ಕಸುಬಿನ ಮೊದಲಿಗನೆಂದು ಹಲವರು ಹೆಸರಿಸುವ ಫ್ರೆಡ್ ಗೈಸ್‌ಬರ್ಗ್ 1873ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದವನು. ಹದಿಹರೆಯದಲ್ಲೇ ಧ್ವನಿಮುದ್ರಣಕ್ಕೆ ಬರುವ ಗಾಯಕರಿಗೆ ಪಿಯಾನೊ ಸಾಥಿ ಕೊಡುತ್ತಿದ್ದ. ಆಗ ಮೈಕ್ ಇಲ್ಲ, ವಿದ್ಯುತ್ ಮುದ್ರಣ ಬಂದದ್ದೇ 1925ರಲ್ಲಿ. ದೊಡ್ಡ ಕಹಳೆಯೊಳಗೆ ಮುಖ ಇಟ್ಟು ಹಾಡಬೇಕು. ಕಂಠ ಏರಿದಾಗ ಗಾಯಕನನ್ನು ಹಿಂದಕ್ಕೆ ಸರಿಸಬೇಕು, ಇಳಿದಾಗ ಮುಂದೆ ತರಬೇಕು. ಪಿಯಾನೊ ಬಲ್ಲವನಾಗಿದ್ದರಿಂದ ಯಾವ ಸ್ವರ ಎಲ್ಲಿ ಏರುತ್ತದೆ ಎಂದು ಅವನಿಗೆ ಮೊದಲೇ ಗೊತ್ತಾಗುತ್ತಿತ್ತು.

1902ರಲ್ಲಿ ಗೈಸ್‌ಬರ್ಗ್ ಮಿಲಾನಿನಲ್ಲಿ ಎನ್ರಿಕೊ ಕರೂಸೊ ಎಂಬ ತರುಣ ಗಾಯಕನನ್ನು ಕೇಳಿದ. ಹತ್ತು ಹಾಡಿಗೆ ನೂರು ಪೌಂಡು ಎಂದ ಗಾಯಕ. ಅಷ್ಟು ಕೊಡಕೂಡದು ಎಂದು ಲಂಡನ್ ಕಚೇರಿಯಿಂದ ತಂತಿ ಬಂತಂತೆ. ಆದರೂ ತಾನು ಹೋಟೆಲ್ ಕೋಣೆಯಲ್ಲೇ ಮುದ್ರಿಸಿಕೊಂಡೆ ಎಂದು ಅವನು ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ಆ ಹಾಡುಗಳು ಕರೂಸೊನನ್ನು ಲೋಕಪ್ರಸಿದ್ಧನಾಗಿಸಿದವು, ಗ್ರಾಮಫೋನನ್ನು ದೊಡ್ಡ ಗಾಯಕರಿಗೂ ಒಪ್ಪುವ ಸಾಧನವಾಗಿಸಿದವು.

ಅದೇ ವರ್ಷದ ಕೊನೆಗೆ ಗೈಸ್‌ಬರ್ಗ್ ಕೋಲ್ಕತ್ತಕ್ಕೆ ಬಂದ. ಇಲ್ಲಿನ ಸಂಗೀತದ ಪರಿಚಯ ಅವನಿಗೆ ಒಂದಿಷ್ಟೂ ಇರಲಿಲ್ಲ. ನವೆಂಬರ್‌ನಲ್ಲಿ ಅವನ ಕಹಳೆಯ ಮುಂದೆ ಕುಳಿತವರಲ್ಲಿ ಗೌಹರ್ ಜಾನ್ ಒಬ್ಬರು. ತಾಸುಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷದಲ್ಲಿ ಹೇಗೆ ಹೇಳಬೇಕೆಂಬುದಕ್ಕೆ ಆಕೆ ಆ ಕೋಣೆಯಲ್ಲೇ ದಾರಿ ಕಂಡುಕೊಂಡರು. ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಜರ್ಮನಿಯ ಹ್ಯಾನೋವರ್‌ನಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಇದು ಯಾರ ದನಿ ಎಂದು ತಿಳಿಯಲಿ ಎಂಬುದಕ್ಕಾಗಿ ಅದು. ಈ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳನ್ನು ಮುದ್ರಿಸಿದ್ದ ದೊಡ್ಡ ಜೀವ ಕೊನೆಯುಸಿರೆಳೆದದ್ದು ನಮ್ಮ ನೆಲದಲ್ಲಿ ಎಂಬುದನ್ನು ಮೈಸೂರು ಇನ್ನಷ್ಟು ಅಭಿಮಾನದಿಂದ ನೆನೆಯಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಗೈಸ್‌ಬರ್ಗ್ ದಾರಿಯಲ್ಲಿ ಬಂದವರ ಸಾಲು ಉದ್ದವಿದೆ. ಬೀಟಲ್ಸ್ ತಂಡದ ಧ್ವನಿಮುದ್ರಣಗಳನ್ನು ಕಟ್ಟಿದ ಜಾರ್ಜ್ ಮಾರ್ಟಿನ್ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯಲ್ಲಿ ಓಬೋ ಕಲಿತವರು. ಮೈಕೆಲ್ ಜಾಕ್ಸನ್ನನ ‘ಥ್ರಿಲ್ಲರ್’ ರೂಪಿಸಿದ ಕ್ವಿನ್ಸಿ ಜೋನ್ಸ್ ಟ್ರಂಪೆಟ್ ಊದುತ್ತಿದ್ದವರು. ಕನ್ನಡದಲ್ಲಿ ಈ ಪಾತ್ರ ಬೇರೆ ಬಗೆಯಲ್ಲಿ ಬಂತು. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಮನೆಮನೆ ಸೇರಿದಾಗ, ಮೈಸೂರು ಅನಂತಸ್ವಾಮಿ, ಆಮೇಲೆ ಸಿ. ಅಶ್ವತ್ಥ್ ಅವರಂಥವರಲ್ಲಿ ಸಂಯೋಜಕ, ಗಾಯಕ, ಹಾಡಿಸುವವ ಎಲ್ಲರೂ ಒಬ್ಬರೇ ಆಗಿದ್ದರು. ಕವಿತೆಯೇ ಮುಂದೆ, ಉಳಿದದ್ದೆಲ್ಲ ಹಿಂದೆ ಎಂಬ ಅವರ ತೀರ್ಮಾನವೂ ನಿರ್ಮಾಪಕನ ತೀರ್ಮಾನವೇ. ಅದನ್ನು ಆ ಹೆಸರಿನಿಂದ ಕರೆದವರಿಲ್ಲ, ಅಷ್ಟೇ.

ರಿಕಿ ಕೇಜ್ ಹುಟ್ಟಿದ್ದು 1981ರ ಆಗಸ್ಟ್ 5ರಂದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಎಂಟು ವರ್ಷದವರಿದ್ದಾಗ ಕುಟುಂಬ ಬೆಂಗಳೂರಿಗೆ ಬಂತು. ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು. ಮನೆಮಾತು ಕನ್ನಡವಲ್ಲ; ಪಂಜಾಬಿ, ಮಾರವಾಡಿ ಮೂಲದ ಕುಟುಂಬ. ತಾತ ಜಾನಕಿ ದಾಸ್ ಸೈಕಲ್ ಓಟಗಾರರೂ ಹಿಂದಿ ಸಿನಿಮಾ ನಟರೂ ಆಗಿದ್ದವರು. ಮನೆಯವರ ಮಾತಿಗೆ ಒಪ್ಪಿ ಬೆಂಗಳೂರಿನಲ್ಲೇ ದಂತವೈದ್ಯ ಪದವಿ ಮುಗಿಸಿದರು. ಆದರೆ ದಂತವೈದ್ಯರಾಗಿ ಕೆಲಸಕ್ಕೆ ಕೂರಲೇ ಇಲ್ಲ. ಓದುತ್ತಿದ್ದಾಗಲೇ ‘ಏಂಜಲ್ ಡಸ್ಟ್’ ಎಂಬ ಬೆಂಗಳೂರಿನ ರಾಕ್ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. 2003ರಲ್ಲಿ ‘ರೇವೊಲ್ಯೂಷನ್’ ಎಂಬ ಸ್ವಂತ ಸ್ಟುಡಿಯೊ ತೆರೆದರು.

ವೇದಿಕೆಯ ಮೇಲಿನ ಹುಡುಗನೊಬ್ಬ ಗಾಜಿನ ಈಚೆ ಬಂದು ಕುಳಿತದ್ದು ಆಗ. ಸ್ಟುಡಿಯೊದಲ್ಲಿ ಹಾಡುವವರ ಕೋಣೆಗೂ ಕನ್ಸೋಲಿನ ಕೋಣೆಗೂ ನಡುವೆ ದಪ್ಪ ಗಾಜು ಇರುತ್ತದೆ. ಆಚೆ ಇದ್ದಾಗ ನಾವು ಏನು ನುಡಿಸಿದೆವು ಎಂಬುದೇ ಕಿವಿಯ ತುಂಬ ಇರುತ್ತದೆ. ಈಚೆ ಬಂದ ಮೇಲೆ ಎಲ್ಲರೂ ಸೇರಿ ನುಡಿಸಿದ್ದು ಏನಾಯಿತು ಎಂದು ಕೇಳಿಸಲು ತೊಡಗುತ್ತದೆ. ಒಳ್ಳೆಯ ವಾದಕರಲ್ಲೂ ಅನೇಕರಿಗೆ ಇದು ಕೊನೆಯವರೆಗೆ ಒಗ್ಗುವುದಿಲ್ಲ, ತನ್ನ ವಾದ್ಯದ ದನಿಯನ್ನು ತಾನೇ ತಗ್ಗಿಸಲು ಮನಸ್ಸು ಬರುವುದಿಲ್ಲ.

ಕೇಜ್ ಅವರಿಗೆ ಅದನ್ನು ಕಲಿಸಿದ್ದು ಜಾಹೀರಾತು. ಮೂರು ಸಾವಿರಕ್ಕೂ ಹೆಚ್ಚು ಜಿಂಗಲ್‌ಗಳನ್ನು ಅವರು ಮಾಡಿದ್ದಾರೆ. ಸಂಗೀತ ವಲಯದಲ್ಲಿ ಜಿಂಗಲ್ ಎಂದರೆ ಮೂಗು ಮುರಿಯುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಮೂವತ್ತು ಸೆಕೆಂಡಿನಲ್ಲಿ ಒಂದು ಭಾವ ಹುಟ್ಟಿ, ಬೆಳೆದು, ಒಂದು ಹೆಸರು ನೆನಪಿನಲ್ಲಿ ಉಳಿಯಬೇಕು. ಇವತ್ತು ರಾಜಸ್ಥಾನಿ ಜನಪದ, ನಾಳೆ ಜಾಜ್, ನಾಡಿದ್ದು ಮಕ್ಕಳ ಹಾಡು. ಪ್ರತಿ ಸಲವೂ ಬೇರೆ ಗಾಯಕ, ಬೇರೆ ವಾದಕ, ಬೇರೆ ಭಾಷೆ. ಯಾವ ಕಂಠ ಯಾವ ಕೆಲಸಕ್ಕೆ ಸಲ್ಲುತ್ತದೆ ಎಂಬ ಪಟ್ಟಿ ಹೀಗೆಯೇ ಮನಸ್ಸಿನಲ್ಲಿ ಬೆಳೆಯುವುದು. ಗೌಹರ್ ಜಾನ್ ಮೂರು ನಿಮಿಷಕ್ಕೆ ರಾಗವನ್ನು ಇಳಿಸಿದ್ದು ಕಲೆಯಾದರೆ, ಮೂವತ್ತು ಸೆಕೆಂಡಿಗೆ ಇಳಿಸುವುದರಲ್ಲೂ ಕಲೆಗೆ ಜಾಗವಿದೆ.

ಈ ನಡುವೆ ಕನ್ನಡ ಸಿನಿಮಾಕ್ಕೂ ಬಂದರು. ರಮೇಶ್ ಅರವಿಂದ್ ಅವರ ‘ಆಕ್ಸಿಡೆಂಟ್’ (2008), ‘ವೆಂಕಟ ಇನ್ ಸಂಕಟ’ (2009), ಆಮೇಲೆ ‘ಕ್ರೇಜಿ ಕುಟುಂಬ’ ಚಿತ್ರಗಳಿಗೆ ಸಂಗೀತ ಕೊಟ್ಟರು. ಆ ದಾರಿಯಲ್ಲಿ ಬಹಳ ದೂರ ಹೋಗಲಿಲ್ಲ. 2011ರ ಕ್ರಿಕೆಟ್ ವಿಶ್ವಕಪ್ಪಿನ ಢಾಕಾ ಉದ್ಘಾಟನಾ ಸಮಾರಂಭಕ್ಕೂ ಅವರ ಸಂಗೀತವಿತ್ತು.

ತಿರುವು ಬಂದದ್ದು ದಕ್ಷಿಣ ಆಫ್ರಿಕಾದ ಕೊಳಲುಗಾರ ವೌಟರ್ ಕೆಲ್ಲರ್‌ಮನ್ ಜೊತೆ ಸೇರಿ ಮಾಡಿದ ‘ವಿಂಡ್ಸ್ ಆಫ್ ಸಂಸಾರ’ದಿಂದ. ಗಾಂಧಿ ಮತ್ತು ಮಂಡೇಲಾ ಇಬ್ಬರ ನೆನಪಿನಿಂದ ಹುಟ್ಟಿದ ಆಲ್ಬಮ್ ಅದು. ಬೇರೆ ಬೇರೆ ಖಂಡಗಳ ನೂರಕ್ಕೂ ಮೀರಿದ ಕಲಾವಿದರು ಅದರಲ್ಲಿದ್ದಾರೆ. ಕೊಳಲು ಮುಂದಿದೆ, ಕೇಜ್ ಅವರ ಕೀಬೋರ್ಡ್ ಹಿಂದಿದೆ. 2014ರ ಜುಲೈಯಲ್ಲಿ ಬಿಡುಗಡೆಯಾಗಿ ಅಮೆರಿಕದ ಬಿಲ್‌ಬೋರ್ಡ್ ನ್ಯೂ ಏಜ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2015ರ ಫೆಬ್ರುವರಿ 8ರಂದು ಗ್ರ್ಯಾಮಿ ಬಂತು. ಆಗ ಕೇಜ್ ವಯಸ್ಸು 33.

ಗ್ರ್ಯಾಮಿ ಬಂದ ಮೇಲೆ ಇನ್ನು ತನ್ನ ಸಂಗೀತವೆಲ್ಲ ಪರಿಸರಕ್ಕಾಗಿ ಎಂದು ಅವರು ನಿರ್ಧರಿಸಿದರು. ಮೂರು ಸಾವಿರ ಜಿಂಗಲ್ ಮಾಡಿದವರು ಆ ಮಾರುಕಟ್ಟೆಯನ್ನು ಬಿಡುವುದೆಂದರೆ ಸಣ್ಣ ಮಾತಲ್ಲ. 2015ರ ನವೆಂಬರ್ 30ರಂದು ಪ್ಯಾರಿಸ್ ಹವಾಮಾನ ಸಮ್ಮೇಳನದ ಸಂದರ್ಭದಲ್ಲಿ ಅವರ ‘ಶಾಂತಿ ಸಂಸಾರ’ವನ್ನು ಭಾರತದ ಪ್ರಧಾನಿ ಮತ್ತು ಫ್ರಾನ್ಸಿನ ಅಧ್ಯಕ್ಷರು ಬಿಡುಗಡೆ ಮಾಡಿದರು. 2019ರಲ್ಲಿ ಮರುಭೂಮೀಕರಣ ತಡೆಯುವ ವಿಶ್ವಸಂಸ್ಥೆಯ ಒಪ್ಪಂದಕ್ಕಾಗಿ ನೆಲದ ಗೀತೆಯೊಂದನ್ನು ಮಾಡಿದರು. 2025ರಲ್ಲಿ ಪದ್ಮಶ್ರೀ ಬಂತು.

ಇವೆಲ್ಲಕ್ಕಿಂತ ನನಗೆ ಹತ್ತಿರವಾದದ್ದು ‘ವೈಲ್ಡ್ ಕರ್ನಾಟಕ’. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ ಈ ಸಾಕ್ಷ್ಯಚಿತ್ರಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಕೊಟ್ಟಿದ್ದಾರೆ. ಸಂಗೀತ ಕೇಜ್ ಅವರದು. 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೆ ಬಂತು, ಆಮೇಲೆ ರಾಷ್ಟ್ರಪ್ರಶಸ್ತಿಗಳೂ ಬಂದವು. ನಮ್ಮ ಘಟ್ಟದ ಕಾಡು, ನಮ್ಮ ಕಡಲು, ಕಾಳಿಂಗ, ನೀರುನಾಯಿ. ಕಾಡಿಗೆ ತನ್ನದೇ ಶಬ್ದವಿದೆ, ನಿರೂಪಕರಿಗೆ ಅವರದೇ ಕಂಠವಿದೆ, ಅವೆರಡರ ನಡುವೆ ಸಂಗೀತಕ್ಕೆ ಉಳಿಯುವ ಜಾಗ ಬಹಳ ಚಿಕ್ಕದು. ಆ ಚಿತ್ರದಲ್ಲಿ ಅವರು ಸುಮ್ಮನಿರುವ ಕಡೆಗಳನ್ನೂ ಗಮನಿಸಿ ಕೇಳಬೇಕು.

ಇನ್ನೊಂದು ಕೆಲಸ, 2023ರ ಆಗಸ್ಟ್ 14ರಂದು ಹೊರಬಂದ ರಾಷ್ಟ್ರಗೀತೆ. ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ನೂರು ವಾದಕರಿಂದ ನುಡಿಸಿದ್ದು. ಜಾರ್ಜ್ ಮಾರ್ಟಿನ್ ಬೀಟಲ್ಸ್ ಜೊತೆ ಕೂತು ಕೆಲಸ ಮಾಡಿದ ಸ್ಟುಡಿಯೊ ಅದು. ರಾಷ್ಟ್ರಗೀತೆಯ ಧಾಟಿಯನ್ನು ಯಾರೂ ಬದಲಿಸುವಂತಿಲ್ಲ, ಕಾಲವೂ ಸುಮಾರು 52 ಸೆಕೆಂಡು ಎಂದು ಗೊತ್ತುಪಡಿಸಿದ್ದು. ಸಂಯೋಜಕನಿಗೆ ಅಲ್ಲಿ ಹೊಸದಾಗಿ ಹಾಕಲು ಒಂದು ಸ್ವರವೂ ಇಲ್ಲ. ಪಿಟೀಲುಗಳು ಎಲ್ಲಿ ಎದ್ದೇಳಬೇಕು, ಹಿತ್ತಾಳೆ ವಾದ್ಯಗಳು ಯಾವಾಗ ಬರಬೇಕು, ಕೊನೆಯ ಜಯಘೋಷಕ್ಕೆ ಎಷ್ಟು ಬಲವನ್ನು ಉಳಿಸಿಟ್ಟುಕೊಳ್ಳಬೇಕು ಎಂಬುದಷ್ಟೇ ಉಳಿದಿರುವುದು. ನೂರಾರು ಸಲ ಕೇಳಿದ ಧಾಟಿ ಆ ಮುದ್ರಣದಲ್ಲಿ ಹೊಸದಾಗಿ ಕೇಳುತ್ತದೆ. ನಿರ್ಮಾಪಕ ಏನು ಮಾಡುತ್ತಾನೆ ಎಂದು ಕೇಳುವವರಿಗೆ ನಾನು ಇದನ್ನೇ ಕೇಳಿಸುತ್ತೇನೆ.

‘ಡಿವೈನ್ ಟೈಡ್ಸ್’ ಹುಟ್ಟಿದ್ದು ಕೋವಿಡ್ ಕಾಲದಲ್ಲಿ. ‘ದಿ ಪೊಲೀಸ್’ ತಂಡದ ಡ್ರಮ್ಮರ್ ಸ್ಟುವರ್ಟ್ ಕೋಪ್‌ಲ್ಯಾಂಡ್ ಅಮೆರಿಕದಲ್ಲಿ, ಕೇಜ್ ಬೆಂಗಳೂರಿನಲ್ಲಿ. ಮುದ್ರಿಸಿದ ಕಡತಗಳು ಆಚೆಗೂ ಈಚೆಗೂ ಹೋಗಿ ಬಂದು ಒಂಬತ್ತು ಹಾಡುಗಳಾದವು. ವಾರಿಜಶ್ರೀ ವೇಣುಗೋಪಾಲ್ ಅವರ ಕಂಠವೂ ಅದರಲ್ಲಿದೆ. ಕೊಳಲನ್ನೂ ಕಂಠವನ್ನೂ ಒಟ್ಟಿಗೆ ಒಲಿಸಿಕೊಂಡ ಈ ಬೆಂಗಳೂರಿನ ಕಲಾವಿದೆಯನ್ನು ಹೊರದೇಶದವರು ಇತ್ತೀಚೆಗೆ ತುಂಬ ಪ್ರೀತಿಯಿಂದ ಕೇಳುತ್ತಿದ್ದಾರೆ.

ನನ್ನ ಒಂದು ಅಸಮಾಧಾನವನ್ನೂ ಹೇಳಿಬಿಡುತ್ತೇನೆ. ಕೇಜ್ ಅವರ ಆಲ್ಬಮ್‌ಗಳಲ್ಲಿ ಎಲ್ಲವೂ ನಯವಾಗಿದೆ, ಎಲ್ಲ ಅಂಚುಗಳನ್ನೂ ಉಜ್ಜಿ ಹದ ಮಾಡಿದೆ. ಹಿಮಾಲಯವೂ ಹಳ್ಳಿಯೂ ಕಡಲೂ ಒಂದೇ ಶಾಂತಿಯೊಳಗೆ ಕರಗಿಬಿಡುತ್ತವೆ. ಜನಪದ ಗಾಯಕನ ಕಂಠದಲ್ಲಿರುವ ಒರಟು, ಶ್ರುತಿಗೆ ಕೂದಲೆಳೆಯಷ್ಟು ಮೇಲೆ ಕೆಳಗೆ ಆಡುವ ಆ ಜೀವ ಕೆಲವು ಕಡೆ ಮಿಕ್ಸಿಂಗಿನಲ್ಲಿ ಕಳೆದುಹೋಗಿದೆ ಅನ್ನಿಸುತ್ತದೆ. ನ್ಯೂ ಏಜ್ ಎಂಬ ಪ್ರಕಾರವೇ ಅದನ್ನು ಬೇಡುತ್ತದೆ ಎಂದು ಅವರನ್ನು ಮೆಚ್ಚುವವರು ಹೇಳುತ್ತಾರೆ. ಇರಬಹುದು. ಆದರೆ ಇಷ್ಟು ಸೂಕ್ಷ್ಮವಾದ ಕಿವಿ ಒಮ್ಮೆ ಒರಟಾದ ನಾದದ ಮುಂದೆಯೂ ಕೂರಲಿ ಎಂದು ಆಸೆಪಡುವುದು ತಪ್ಪಲ್ಲ.

ಅಂಥ ನಾದ ನಮ್ಮಲ್ಲಿದೆ. ಉಪ್ಪಳದಿಂದ ಬಾಯಾರು, ಕನ್ಯಾನದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಪೈವಳಿಕೆ ಕೇರಳದ ಕಾಸರಗೋಡು ಜಿಲ್ಲೆಯ ಗಡಿ ಊರು. ಇಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಪೇಟೆಗಿಳಿದರೆ ಬ್ಯಾರಿ, ಕೊಂಕಣಿ, ಮರಾಠಿ. ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಡುವ ಯಕ್ಷಗಾನ ಮೇಳಗಳದು, ಮಳೆಗಾಲದ ಮುನ್ನ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಈ ಸುತ್ತಿನ ಬಯಲುಗಳಲ್ಲಿ ಆಟ. ಅದೇ ತಿಂಗಳುಗಳಲ್ಲಿ ದೈವಗಳ ನೇಮ, ಕೋಲ. ಇದೇ ಜಿಲ್ಲೆಯ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ದಶಕಗಳ ಕಾಲ ಕಟೀಲು ಮೇಳದಲ್ಲಿ ಹಾಡಿದವರು. ಬಲಿಪ ಶೈಲಿ ಎಂದೇ ಒಂದು ಶೈಲಿ ಉಳಿಯಿತು. 2023ರ ಫೆಬ್ರುವರಿ 16ರಂದು ಅವರು ತೀರಿಕೊಂಡರು. ಕೇಜ್ ಅವರಿಗೆ ನಿರ್ಮಾಪಕರಾಗಿ ಗ್ರ್ಯಾಮಿ ಬಂದು ಆಗ ಹನ್ನೊಂದು ದಿನ ಕಳೆದಿತ್ತು.

ತೆಂಕುತಿಟ್ಟಿನ ಹಿಮ್ಮೇಳವನ್ನು ಮುದ್ರಿಸುವುದು ಎಷ್ಟು ಕಷ್ಟ ಎಂಬುದನ್ನು ಕೇಳಿದವರು ಬಲ್ಲರು. ನಿಂತು ಹೊಡೆಯುವ ಚೆಂಡೆಯ ಪೆಟ್ಟು ಹತ್ತಿರದ ಮೈಕನ್ನು ಒಡೆದಂತೆ ಬರುತ್ತದೆ. ಅದನ್ನು ತಗ್ಗಿಸಿದರೆ ಯುದ್ಧದ ಪದಕ್ಕೆ ಎದೆ ನಡುಗುವುದಿಲ್ಲ, ತಗ್ಗಿಸದಿದ್ದರೆ ಭಾಗವತರ ಸಾಹಿತ್ಯ ಮುಚ್ಚಿಹೋಗುತ್ತದೆ. ಹಾಗೆಂದು ಸಿನಿಮಾ ಹಾಡಿನಂತೆ ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿ ಕೂರಿಸಿ ಬೇರೆಬೇರೆಯಾಗಿ ಮುದ್ರಿಸಿದರೆ ಆಟದ ಉಸಿರೇ ನಿಂತುಹೋಗುತ್ತದೆ. ಭಾಗವತರ ಜಾಗಟೆಯನ್ನೂ ಮುಖವನ್ನೂ ನೋಡಿಯೇ ಮದ್ದಳೆ ಮುಂದಿನ ಪೆಟ್ಟು ಹಾಕುವುದು, ವೇಷಧಾರಿಯ ಕಾಲು ನೋಡಿಯೇ ಚೆಂಡೆ ಬಿಡ್ತಿಗೆ ಕೊಡುವುದು. ಚೆಂಡೆಯವರನ್ನು ಎಷ್ಟು ಹಿಂದೆ ನಿಲ್ಲಿಸಬೇಕು, ಚಕ್ರತಾಳದ ಝಣ ಎಲ್ಲಿ ಕೂರಬೇಕು, ಬಯಲಿನ ತಂಪು ಗಾಳಿಯ ತೆರವು ದನಿಯಲ್ಲಿ ಉಳಿಯಲು ಮೈಕ್ ಎಷ್ಟು ದೂರ ಹೋಗಬೇಕು ಎಂದು ನಾಲ್ಕು ಆಟ ನೋಡಿ, ಕಲಾವಿದರೊಡನೆ ಕೂತು ತೀರ್ಮಾನಿಸುವವರು ಬೇಕು. ಅಂಥವರು ಹಿಮ್ಮೇಳ ಬಲ್ಲವರೇ ಆಗಿದ್ದರೆ ಇನ್ನೂ ಒಳ್ಳೆಯದು. ಚೆಂಡೆ ಮದ್ದಳೆ ಕಲಿತು, ಮಂಗಳೂರು ಬೆಂಗಳೂರುಗಳಲ್ಲಿ ಸೌಂಡ್ ಎಂಜಿನಿಯರಿಂಗ್ ಓದಿ ಬರುವ ತರುಣರು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವರು.

ಇನ್ನು ನೇಮದ ಅಂಗಳ. ಡೋಲು ಒಂದು ಕಡೆ, ನಾಗಸ್ವರ ಇನ್ನೊಂದು ಕಡೆ. ಪಾಡ್ದನದ ಹೆಣ್ಣುದನಿ ತೆಂಬರೆಯೊಡನೆ ಬದಿಯಿಂದ ಬರುತ್ತದೆ. ದೈವದ ಕಾಲಿನ ಗಗ್ಗರ ಅಂಗಳದ ಈ ತುದಿಯಿಂದ ಆ ತುದಿಗೆ ಸಾಗುತ್ತದೆ, ಕದೊನಿ ಸಿಡಿಮದ್ದಿನ ಸದ್ದು ಗುಡ್ಡಕ್ಕೆ ಬಡಿದು ಹಿಂದಿರುಗುತ್ತದೆ. ನಾವು ಆ ಶಬ್ದದ ಮುಂದೆ ಕೂತಿರುವುದಿಲ್ಲ, ಅದರ ಒಳಗೆ ನಿಂತಿರುತ್ತೇವೆ. ಸುತ್ತಲಿಂದ ಬರುವ ಶಬ್ದವನ್ನು ಕಟ್ಟಿದ್ದಕ್ಕೆ ಲಾಸ್ ಏಂಜಲೀಸ್‌ನಲ್ಲಿ ಪ್ರಶಸ್ತಿ ಕೊಟ್ಟರಲ್ಲ, ಆ ತಂತ್ರ ಹೇಳಬೇಕಾದ ಕಥೆ ಈ ಅಂಗಳದಲ್ಲಿದೆ. 2022ರಲ್ಲಿ ‘ಕಾಂತಾರ’ದ ಕೊನೆಯ ದೃಶ್ಯದಲ್ಲಿ ಚಿತ್ರಮಂದಿರಗಳು ಸ್ತಬ್ಧವಾದದ್ದರಲ್ಲಿ ಶಬ್ದದ ಪಾಲೂ ದೊಡ್ಡದು. ಆದರೆ ಸಿನಿಮಾ ಆ ಶಬ್ದವನ್ನು ತನ್ನ ಕಥೆಗಾಗಿ ಬಳಸಿಕೊಂಡಿತು. ಅಂಗಳದ ನಾದವನ್ನು ಅದಕ್ಕಾಗಿಯೇ, ದೈವದ ಮನೆಯವರ, ಕಟ್ಟುವವರ ಒಪ್ಪಿಗೆಯೊಡನೆ, ಎಲ್ಲಿಯವರೆಗೆ ಮುದ್ರಿಸಬಹುದು ಎಲ್ಲಿ ಯಂತ್ರ ನಿಲ್ಲಿಸಬೇಕು ಎಂಬ ಮರ್ಯಾದೆಯೊಡನೆ ಮುದ್ರಿಸುವ ಕೆಲಸ ಬೇರೆ.

ಇವತ್ತು ಆಟಕ್ಕೆ ಹೋದರೆ ರಂಗಸ್ಥಳದ ಮುಂದೆ ಮೊಬೈಲುಗಳದೇ ಸಾಲು. ಮುದ್ರಿಸಲು ಮುಂದಾಗುವವರಿಗೆ ಕೊರತೆಯಿಲ್ಲ. ಕಾಯ್ದೆ ಹೇಳುವ ಎರಡನೆಯ ಮಾತು, ಹೊಣೆ, ಅಲ್ಲಿ ಕಾಣುವುದಿಲ್ಲ. ಯಾವ ಪ್ರಸಂಗ, ಯಾವ ಬಯಲು, ಮದ್ದಳೆ ಯಾರದು ಎಂಬ ಒಂದು ಸಾಲೂ ಇಲ್ಲದೆ ಆ ತುಣುಕುಗಳು ಊರೂರು ಸುತ್ತುತ್ತವೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಉಳಿಯುತ್ತದೆ, ಪ್ರದರ್ಶಕನ ಹಕ್ಕು 50 ವರ್ಷ. 2012ರ ತಿದ್ದುಪಡಿ ಪ್ರದರ್ಶಕನಿಗೂ ವ್ಯಾಪಾರದ ಗಳಿಕೆಯಲ್ಲಿ ಪಾಲು ಇದೆ ಎಂದು ಹೇಳಿದೆ. ಭಾಗವತರ ಕಂಠ ಇನ್ನೊಬ್ಬರ ಚಾನೆಲ್ಲಿನಲ್ಲಿ ಲಕ್ಷ ಸಲ ಕೇಳಿಸಿಕೊಂಡರೆ ಅವರ ಮನೆಗೆ ಏನು ಬರಬೇಕು ಎಂಬ ಲೆಕ್ಕವನ್ನು ಯಾರಾದರೂ ಬರೆದಿಡಬೇಕಲ್ಲ.

ಅದಕ್ಕೆ ಭಾರೀ ಬಂಡವಾಳ ಬೇಡ. ಹಿಮ್ಮೇಳದ ಪ್ರತಿಯೊಬ್ಬರಿಗೂ ಒಂದು ಮೈಕ್, ಬಯಲಿನ ಒಟ್ಟು ನಾದಕ್ಕೆ ಇನ್ನೆರಡು, ಅಷ್ಟನ್ನೂ ಬೇರೆಬೇರೆ ಟ್ರ್ಯಾಕಿನಲ್ಲಿ ಹಿಡಿಯುವ ಒಂದು ರೆಕಾರ್ಡರ್, ಕಲಾವಿದರೊಡನೆ ಮೊದಲೇ ಬರೆದುಕೊಂಡ ಒಂದು ಪುಟದ ಕರಾರು ಸಾಕು. ಮುದ್ರಿಸಿದ್ದರ ಒಂದು ಪ್ರತಿ ಮೇಳದಲ್ಲಿ, ಒಂದು ಕಲಾವಿದರ ಮನೆಯಲ್ಲಿ, ಮತ್ತೊಂದು ಯಾವುದಾದರೂ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಇರಲಿ. ಮೇಳಗಳು ಗೆಜ್ಜೆ ಬಿಚ್ಚಿ ಮಳೆಗಾಲಕ್ಕೆ ಮನೆ ಸೇರುವ ತಿಂಗಳುಗಳಲ್ಲಿ ಭಾಗವತರೂ ಬಿಡುವಾಗಿರುತ್ತಾರೆ, ಪೇಟೆಯ ಸ್ಟುಡಿಯೊಗಳಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರೂ ಆಟಿ ತಿಂಗಳಿಗೆ ಊರಿಗೆ ಬರುತ್ತಾರೆ. ಯಾವ ಪ್ರಸಂಗದಿಂದ ಶುರು ಮಾಡುವುದು, ಯಾರ ಕಂಠವನ್ನು ಮೊದಲು ಹಿಡಿಯುವುದು ಎಂದು ಅವರು ಕೂತು ಮಾತಾಡಲು ಅದೇ ಸರಿಯಾದ ಹೊತ್ತು. ವಯಸ್ಸಾದ ಭಾಗವತರ ಹೆಸರುಗಳು ಆ ಪಟ್ಟಿಯಲ್ಲಿ ಮೊದಲು ಬರಲಿ.